ಲಗೇಜ್ ಹೊತ್ತ ಸೈಕಲ್ ಕೈಕೊಟ್ಟರೆ: ಹಿಂದಿನ ಚಕ್ರದಿಂದ ಹುಡುಕಲು ಶುರು ಮಾಡಿ

ಖಾಲಿ ಓಡಿಸುವಾಗ ವರ್ಷಗಟ್ಟಲೆ ತೊಂದರೆ ಕೊಡದ ಚಕ್ರ, ಕ್ಯಾರಿಯರ್ ಮೇಲೆ ಇಪ್ಪತ್ತು ಕೆಜಿ ಬಿದ್ದ ಮೇಲೆ ಎರಡನೇ ದಿನವೇ ಕಡ್ಡಿ ಮುರಿದುಕೊಳ್ಳಬಹುದು. ಲೆಕ್ಕ ಹಾಕಿ ನೋಡಿ. ಸವಾರ 70 ಕೆಜಿ, ಸೈಕಲ್ 15 ಕೆಜಿ, ಲಗೇಜ್ 20 ಕೆಜಿ. ಲಗೇಜೆಲ್ಲ ಹಿಂದೆಯೇ ಇದ್ದರೆ ಹಿಂದಿನ ಚಕ್ರದ ಮೇಲೆ ಹತ್ತಿರ ಹತ್ತಿರ 70 ಕೆಜಿ ಕೂರುತ್ತದೆ. ಮುಂದಿನ ಚಕ್ರಕ್ಕೆ ಅದರ ಅರ್ಧ. ಮೇಲಾಗಿ ಪೆಡಲ್ ತುಳಿಯುವ ಬಲವೂ ಹಿಂದಿನ ಚಕ್ರದ ಮೂಲಕವೇ ಹೋಗಬೇಕು.

ಹಾಗಾಗಿ ಲೋಡ್ ಹಾಕಿದ ಸೈಕಲ್ಲಿನಲ್ಲಿ ಏನೇ ತೊಂದರೆ ಬಂದರೂ ಮೊದಲು ಹಿಂದಿನ ಚಕ್ರ ನೋಡಿ. ಫ್ರೇಮ್ ಮೇಲೆ ಅನುಮಾನ ಪಡುವುದು ಕೊನೆಗೆ. ಎಷ್ಟೋ ಜನ ಎರಡು ಕಡ್ಡಿ ಮುರಿದ ಕೂಡಲೇ "ಈ ಸೈಕಲ್ ಟೂರಿಂಗಿಗೆ ಆಗೋದಿಲ್ಲ" ಅಂತ ಹೊಸ ಸೈಕಲ್ ಹುಡುಕಲು ಹೊರಡುತ್ತಾರೆ. ಒಳ್ಳೆಯ ಹಿಂದಿನ ಚಕ್ರ ಒಂದನ್ನು ಕಟ್ಟಿಸಿದ್ದರೆ ಅದೇ ಸೈಕಲ್ ಸಾಕಾಗುತ್ತಿತ್ತು.

ಕೆಳಗಿನ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಕೈ, ಕಣ್ಣು, ಕಿವಿ ಸಾಕು. ಉಳಿದವಕ್ಕೆ ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟು) ತಿರುಗಿಸುವ ಕೀ, ಅಲೆನ್ ಕೀ ಸೆಟ್, ಪಂಪು, ಪಂಚರ್ ಕಿಟ್ ಬೇಕು. ನಿಪ್ಪಲ್ ಕೀ ಕೊಳ್ಳುವಾಗ ನಿಮ್ಮ ಚಕ್ರದ ನಿಪ್ಪಲ್ಲಿಗೆ ಹಾಕಿ ನೋಡಿಯೇ ತೆಗೆದುಕೊಳ್ಳಿ. 3.23, 3.3, 3.45 ಮಿ.ಮೀ. ಅಂತ ಬೇರೆ ಬೇರೆ ಅಳತೆ ಇವೆ. ಸ್ವಲ್ಪ ಸಡಿಲ ಇದ್ದರೂ ನಿಪ್ಪಲ್ಲಿನ ಮೂಲೆ ಸವೆದು ಗುಂಡಾಗುತ್ತದೆ. ಆಮೇಲೆ ಅದನ್ನು ತಿರುಗಿಸುವುದು ಯಾರಿಂದಲೂ ಆಗುವುದಿಲ್ಲ.

ಲಕ್ಷಣ: "ಟಣ್" ಎಂಬ ಸದ್ದು, ಆಮೇಲೆ ರಿಮ್ ಬ್ರೇಕಿಗೆ ಉಜ್ಜುತ್ತದೆ

ಕಡ್ಡಿ ಮುರಿದಿದೆ. ಮುಂದೆ ಹೋಗಬೇಡಿ, ನಿಲ್ಲಿಸಿ. ಮುರಿದ ಕಡ್ಡಿಯ ತುದಿ ಚೈನಿಗೋ ಹಿಂದಿನ ಗೇರ್ ಬದಲಿಸುವ ಡಿರೈಲರ್‌ಗೋ ಸಿಕ್ಕಿಕೊಂಡರೆ ಸಣ್ಣ ಖರ್ಚಿನಲ್ಲಿ ಮುಗಿಯುವ ಕೆಲಸ ಸಾವಿರಗಟ್ಟಲೆಗೆ ಹೋಗುತ್ತದೆ.

ಲಗೇಜ್ ಇಳಿಸಿ. ಸೈಕಲ್ ತಲೆಕೆಳಗು ಮಾಡಿ ಚಕ್ರ ನಿಧಾನಕ್ಕೆ ತಿರುಗಿಸಿ, ಕಡ್ಡಿಗಳನ್ನು ಒಂದೊಂದಾಗಿ ಮುಟ್ಟುತ್ತಾ ಬನ್ನಿ. ಮುರಿದದ್ದು ಕೈಗೆ ಲೊಡಲೊಡ ಅನ್ನುತ್ತದೆ. ತೆಗೆಯಲು ಬಂದರೆ ತೆಗೆಯಿರಿ. ಬಾರದಿದ್ದರೆ ಪಕ್ಕದ ಕಡ್ಡಿಗೆ ಸುತ್ತಿ ಟೇಪ್ ಹಚ್ಚಿ. ರಿಮ್ ಬ್ರೇಕ್ ಆಗಿದ್ದರೆ ಬ್ರೇಕಿನ ಕೇಬಲ್ ಸ್ವಲ್ಪ ಸಡಿಲಿಸಿ, ರಿಮ್ ಉಜ್ಜದಂತೆ ಮಾಡಿ. ಹೀಗೆ ಸಡಿಲಿಸಿದ ಮೇಲೆ ಹಿಂದಿನ ಬ್ರೇಕು ಅರೆಬರೆ ಹಿಡಿಯುತ್ತದೆ ಎನ್ನುವುದು ನೆನಪಿರಲಿ.

ಈಗ ಮುರಿದದ್ದು ಎಲ್ಲಿ ಅಂತ ನೋಡಿ. ಕಾರಣ ಗೊತ್ತಾಗುವುದು ಅಲ್ಲೇ.

ಚಕ್ರದ ನಡುವಿನ ಹಬ್ಬಿಗೆ (ಕಡ್ಡಿಗಳೆಲ್ಲ ಬಂದು ಸೇರುವ ಉರುಳೆಗೆ) ಸಿಕ್ಕಿಸುವ ಬಾಗಿದ ಕತ್ತಿನಲ್ಲಿ ಮುರಿದಿದ್ದರೆ ಅದು ದಣಿದು ಮುರಿದದ್ದು. ಹೊಂಡಕ್ಕೆ ಬಿದ್ದ ಹೊತ್ತಿಗೆ ಸದ್ದು ಬಂದಿರಬಹುದು, ಆದರೆ ಹೊಂಡ ಬರೀ ನೆಪ. ಚಕ್ರದ ಪ್ರತಿ ಸುತ್ತಿನಲ್ಲೂ ಕೆಳಗೆ ಬಂದ ಕಡ್ಡಿ ಒಂದಿಷ್ಟು ಸಡಿಲವಾಗಿ, ಮೇಲೆ ಹೋಗುತ್ತಾ ಮತ್ತೆ ಬಿಗಿಯಾಗುತ್ತದೆ. 700ಸಿ ಚಕ್ರ (ಈಗಿನ ರೋಡ್, ಹೈಬ್ರಿಡ್ ಸೈಕಲ್ಲುಗಳ ಸಾಮಾನ್ಯ ಅಳತೆ) ಒಂದು ಕಿಲೋಮೀಟರಿಗೆ ಸುಮಾರು 460 ಸುತ್ತು ತಿರುಗುತ್ತದೆ. ಸಾವಿರ ಕಿಲೋಮೀಟರಿಗೆ 4.6 ಲಕ್ಷ ಸಲ ಸಡಿಲ, ಬಿಗಿ, ಸಡಿಲ, ಬಿಗಿ. ತಂತಿಯನ್ನು ಆಚೆ ಈಚೆ ಬಗ್ಗಿಸಿ ಮುರಿದ ಹಾಗೆಯೇ ಇದು. ಮೊದಲಿನಿಂದಲೂ ಚೆನ್ನಾಗಿ ಬಿಗಿಯಾಗಿ ಕಟ್ಟಿದ ಚಕ್ರದಲ್ಲಿ ಕಡ್ಡಿ ಪೂರ್ತಿ ಸಡಿಲಾಗುವುದೇ ಇಲ್ಲ, ಹಾಗಾಗಿ ಬಾಳಿಕೆ ಬರುತ್ತದೆ. ಮಷೀನಿನಲ್ಲಿ ಕಟ್ಟಿದ ಅಗ್ಗದ ಚಕ್ರಗಳು ನೋಡಲು ನೆಟ್ಟಗೇ ಇರುತ್ತವೆ, ಆದರೆ ಕಡ್ಡಿಗಳ ಬಿಗಿ ಕಮ್ಮಿ ಇರುತ್ತದೆ, ಒಂದಕ್ಕೊಂದು ಸಮನಾಗಿಯೂ ಇರುವುದಿಲ್ಲ. ಲೋಡ್ ಹಾಕುವ ತನಕ ಅದು ಗೊತ್ತಾಗುವುದಿಲ್ಲ, ಅಷ್ಟೇ.

ಕಡ್ಡಿಯ ನಡುಭಾಗದಲ್ಲಿ ಗೀರು ಬಿದ್ದು ಮುರಿದಿದ್ದರೆ ಹಿಂದೆ ಯಾವಾಗಲೋ ಚೈನ್ ದೊಡ್ಡ ಗೇರಿನಿಂದ ಜಾರಿ ಒಳಗೆ ಬಿದ್ದಿರಬೇಕು. ಬಲಗಡೆಯ ಹೊರಸಾಲಿನ ಕಡ್ಡಿಗಳನ್ನೆಲ್ಲ ಒಮ್ಮೆ ನೋಡಿ. ಚೈನ್ ತಿಂದ ಗುರುತು ಇನ್ನೂ ನಾಲ್ಕೈದರ ಮೇಲೆ ಇರುತ್ತದೆ, ಅವೂ ಇವತ್ತಲ್ಲ ನಾಳೆ ಮುರಿಯುತ್ತವೆ. ಡಿರೈಲರಿನ ಮಿತಿ ಸ್ಕ್ರೂ (ಚೈನ್ ಗೇರ್ ದಾಟಿ ಹೋಗದಂತೆ ತಡೆಯುವುದು) ಸರಿಮಾಡದೆ ಕಡ್ಡಿ ಮಾತ್ರ ಬದಲಿಸಿದರೆ ಪ್ರಯೋಜನ ಇಲ್ಲ. ನಿಪ್ಪಲ್ ಹತ್ತಿರ ಮರೆಯಲ್ಲಿ (ಥ್ರೆಡ್ಡಿನಲ್ಲಿ) ಮುರಿದಿದ್ದರೆ ಕಡ್ಡಿ ರಿಮ್ಮಿಗೆ ಓರೆಯಾಗಿ ಹೋಗಿದೆ ಎಂದರ್ಥ. ಅಥವಾ ಅಲ್ಯೂಮಿನಿಯಂ ನಿಪ್ಪಲ್ ಒಡೆದಿರಬಹುದು. ಟೂರಿಂಗಿಗೆ ಹಿತ್ತಾಳೆ ನಿಪ್ಪಲ್ಲೇ ಇರಲಿ. ಕೆಲವೇ ಗ್ರಾಂ ಉಳಿಸಿ ಏನಾಗಬೇಕು?

ಯಾವ ಬದಿಯ ಕಡ್ಡಿ ಎನ್ನುವುದೂ ಮುಖ್ಯ. ಗೇರ್ ಇರುವ ಹಿಂದಿನ ಚಕ್ರದಲ್ಲಿ ಬಲಗಡೆ ಗೇರಿಗೆ ಜಾಗ ಬಿಡಬೇಕಲ್ವಾ, ಅದಕ್ಕೆ ಬಲಗಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ, ಹೆಚ್ಚು ಬಿಗಿಯಾಗಿ ಇರುತ್ತವೆ. ಅಲ್ಲಿ 100ರಿಂದ 120 ಕೆಜಿ ಎಳೆತ ಇದ್ದರೆ ಎಡಗಡೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಎಡಗಡೆಯದು ಮುರಿದರೆ ಸಾಮಾನ್ಯವಾಗಿ ಬಿಗಿ ಸಾಲದೆ. ಬಲಗಡೆಯದು ಮುರಿದರೆ ದಣಿವು ಮತ್ತು ತುಳಿತದ ಎಳೆತ ಎರಡೂ ಸೇರಿ. ಬಲಗಡೆಯದನ್ನು ಬದಲಿಸಲು ಗೇರ್ ಬಿಚ್ಚಬೇಕು, ಅದಕ್ಕೆ ಬೇರೆಯೇ ಟೂಲ್ ಬೇಕು. ದಾರಿ ಬದಿಯಲ್ಲಿ ಜನ ಒದ್ದಾಡುವುದು ಇಲ್ಲಿಯೇ.

ಹೊಸ ಕಡ್ಡಿ ಕೈಯಲ್ಲಿಲ್ಲದಿದ್ದರೆ ತಾತ್ಕಾಲಿಕ ಉಪಾಯ ಇದು. ಬಲಗಡೆಯ ಕಡ್ಡಿ ಮುರಿದರೆ ಆ ಜಾಗದಲ್ಲಿ ರಿಮ್ ಎಡಕ್ಕೆ ಎಳೆಯುತ್ತದೆ. ಅಕ್ಕಪಕ್ಕದ ಎರಡು ಎಡಗಡೆಯ ಕಡ್ಡಿಗಳನ್ನು ಅರ್ಧ ಸುತ್ತು ಸಡಿಲಿಸಿ. ಟೈರಿನ ಕಡೆಯಿಂದ ನೋಡಿದಂತೆ ನಿಪ್ಪಲ್ಲನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಗಿ, ಎದುರು ದಿಕ್ಕಿಗೆ ಸಡಿಲ. ರಿಮ್ ಬ್ರೇಕಿಗೆ ಉಜ್ಜದಷ್ಟು ನೆಟ್ಟಗಾದರೆ ಸಾಕು. ಎಷ್ಟು ಸುತ್ತು ಸಡಿಲಿಸಿದ್ದೀರಿ ಅಂತ ಗುರುತಿಟ್ಟುಕೊಳ್ಳಿ, ಹೊಸ ಕಡ್ಡಿ ಹಾಕಿದ ಮೇಲೆ ವಾಪಸ್ ಅಷ್ಟೇ ಬಿಗಿ ಮಾಡಬೇಕು.

32 ಅಥವಾ 36 ಕಡ್ಡಿಯ ಚಕ್ರದಲ್ಲಿ ಒಂದು ಮುರಿದರೆ ನಿಧಾನಕ್ಕೆ, ಹೊಂಡ ತಪ್ಪಿಸಿ, ಮುಂದಿನ ಊರು ಸೇರಬಹುದು. 20, 24 ಕಡ್ಡಿಯ ಚಕ್ರದಲ್ಲಿ ಆ ಧೈರ್ಯ ಬೇಡ. ಅದರಲ್ಲಿ ಒಂದು ಹೋದರೆ ಚಕ್ರ ಫ್ರೇಮಿಗೆ ತಾಗುವಷ್ಟು ಬೆಂಡ್ ಆಗುತ್ತದೆ. ಎರಡು ಕಡ್ಡಿ ಅಕ್ಕಪಕ್ಕದಲ್ಲೇ ಮುರಿದಿದ್ದರೆ ಯಾವ ಚಕ್ರವಾದರೂ ಹತ್ತಿ ಕೂರಬೇಡಿ.

ಒಂದೇ ಒಂದು ಕಡ್ಡಿ ಮುರಿಯಿತೇ? ಬದಲಿಸಿ, ಬೆಂಡ್ ತೆಗೆಸಿ, ಮುಂದೆ ಹೋಗಿ. ಅದೇ ಬದಿಯಲ್ಲಿ ಎರಡನೆಯದೂ ಮುರಿದರೆ ಉಳಿದವೂ ಅಷ್ಟೇ ದಣಿದಿವೆ ಎಂದು ತಿಳಿಯಿರಿ. ಮೂರನೆಯದಕ್ಕೆ ಕಾಯಬೇಡಿ. ಆ ಬದಿಯ ಕಡ್ಡಿಗಳನ್ನೆಲ್ಲ ಬದಲಿಸಿ ಚಕ್ರ ಹೊಸದಾಗಿ ಕಟ್ಟಿಸಿ. ಹಬ್, ರಿಮ್ ಚೆನ್ನಾಗಿದ್ದರೆ ಅವನ್ನೇ ಬಳಸಬಹುದು.

ಬಿಡಿ ಕಡ್ಡಿಗಳ ವಿಷಯ. ಸಣ್ಣ ಊರಿನ ಸೈಕಲ್ ಶಾಪಿನಲ್ಲಿ ಸುಲಭಕ್ಕೆ ಸಿಗುವುದು ಹಳೇ ಮಾದರಿಯ 28 ಇಂಚಿನ ಸೈಕಲ್ಲಿನ ಕಡ್ಡಿ. ನಿಮ್ಮ ಚಕ್ರಕ್ಕೆ ಅದರ ಉದ್ದ ಸರಿಹೋಗುವುದಿಲ್ಲ. ಕಡ್ಡಿಯಲ್ಲಿ ಎರಡು ಮಿ.ಮೀ. ವ್ಯತ್ಯಾಸವೂ ದೊಡ್ಡದೇ. ಹಿಂದಿನ ಚಕ್ರದಲ್ಲಿ ಬಲ, ಎಡ ಎರಡರ ಉದ್ದವೂ ಬೇರೆ. ಮನೆಯಲ್ಲೇ ಅಳೆಸಿಟ್ಟುಕೊಂಡು ಪ್ರತಿ ಅಳತೆಯಲ್ಲಿ ಮೂರು ನಾಲ್ಕು ಕಡ್ಡಿ, ನಿಪ್ಪಲ್ ಸಮೇತ, ಫ್ರೇಮಿನ ಕೆಳಪೈಪಿಗೆ ಟೇಪ್ ಹಚ್ಚಿ ಒಯ್ಯಿರಿ.

ಲಕ್ಷಣ: ಕಡ್ಡಿ ಎಲ್ಲ ಸರಿಯಿದೆ, ಆದರೂ ಹಿಂಬದಿ ಓಲಾಡುತ್ತದೆ

ಇದಕ್ಕೆ ಕಾರಣ ಹಲವು. ಅಗ್ಗದ ಪರೀಕ್ಷೆಯಿಂದಲೇ ಹೋಗೋಣ.

ಮೊದಲು ಟೈರಿನ ಗಾಳಿ. ಹಿಂದಿನ ಟೈರಿನಲ್ಲಿ ಗಾಳಿ ಕಮ್ಮಿಯಾದರೂ ಲೋಡ್ ಹಾಕಿದ ಸೈಕಲ್ ಬಾಲ ಅಲ್ಲಾಡಿಸುತ್ತದೆ. ಆಮೇಲೆ ಬ್ಯಾಗ್. ಕೊಕ್ಕೆ ಸಡಿಲವಾಗಿ ಬ್ಯಾಗ್ ತೂಗಾಡುತ್ತಿದ್ದರೆ ಅದೇ ಕಾರಣ.

ಅದಲ್ಲದಿದ್ದರೆ ಲಗೇಜ್ ಇಳಿಸಿ, ಹಿಂದಿನ ಚಕ್ರವನ್ನು ಸೀಟಿನ ಕೆಳಗೆ ಟೈರ್ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. "ಕಟ್ ಕಟ್" ಅಂದರೆ ಹಬ್ಬಿನ ಕೋನ್ (ಬೇರಿಂಗಿನ ಬಾಲ್ಸನ್ನು ಒತ್ತಿ ಹಿಡಿಯುವ ನಟ್ಟು) ಸಡಿಲವಾಗಿದೆ. ತೆಳ್ಳಗಿನ ಕೋನ್ ಸ್ಪ್ಯಾನರ್ ಇದ್ದರೆ ಹತ್ತು ನಿಮಿಷದ ಕೆಲಸ. ಬಹಳಷ್ಟು ಹಿಂದಿನ ಹಬ್ಬಿಗೆ 15 ಮಿ.ಮೀ., ಮುಂದಿನದಕ್ಕೆ 13 ಮಿ.ಮೀ. ಬೇಕಾಗುತ್ತದೆ. ಯಾವ ಸೈಕಲ್ ಶಾಪಿನಲ್ಲಾದರೂ ಇದನ್ನು ಮಾಡುತ್ತಾರೆ. ಆದರೆ ಸಡಿಲವಾಗಿಯೇ ಓಡಿಸುತ್ತಾ ಇದ್ದರೆ ಬಾಲ್ಸ್ ಜೊತೆ ಕಪ್ಪೂ ತಿಂದು ಹೋಗುತ್ತದೆ, ಆಗ ಹಬ್ಬನ್ನೇ ಬದಲಿಸಬೇಕು.

ಬಿಗಿ ಮಾಡಿದರೂ ಒಂದು ಜಾಗದಲ್ಲಿ ಬಿಗಿ, ಇನ್ನೊಂದು ಜಾಗದಲ್ಲಿ ಸಡಿಲ ಅನಿಸಿದರೆ ಆಕ್ಸಲ್ ಬಗ್ಗಿದೆ. ಚಕ್ರ ಬಿಚ್ಚಿ, ಆಕ್ಸಲ್ಲನ್ನು ಬೆರಳಲ್ಲಿ ತಿರುಗಿಸಿ ನೋಡಿ. ತುದಿ ವೃತ್ತ ಹಾಕುತ್ತಾ ತಿರುಗಿದರೆ ಖಾತ್ರಿ. ಹಬ್ಬಿಗೆ ಮರೆ ಸುತ್ತಿ ಕೂರಿಸುವ ಹಳೇ ಮಾದರಿಯ ಮಲ್ಟಿ ಸ್ಪೀಡ್ ಫ್ರೀವೀಲ್ ಇರುವ ಸೈಕಲ್ಲುಗಳಲ್ಲಿ ಇದು ಜಾಸ್ತಿ. ಅದರಲ್ಲಿ ಬಲಗಡೆಯ ಬೇರಿಂಗ್ ಫ್ರೀವೀಲಿನ ಒಳಗಡೆಗೆ ಇರುತ್ತದೆ. ಅಲ್ಲಿಂದ ಫ್ರೇಮಿನ ತನಕ ಆಕ್ಸಲ್ಲಿಗೆ ಯಾವ ಆಸರೆಯೂ ಇಲ್ಲ. ಏಳು ಗೇರಿನ ಅಗಲ ಆದಾಗ ಆ ಉದ್ದ ಇನ್ನೂ ಹೆಚ್ಚು. ಗೇರುಗಳನ್ನು ಜಾರಿಸಿ ಕೂರಿಸುವ ಹೊಸ ಮಾದರಿಯ ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಹೊರತುದಿಯ ಹತ್ತಿರವೇ ಇರುವುದರಿಂದ ಈ ತೊಂದರೆ ಅಪರೂಪ. ಬಗ್ಗಿದ ಆಕ್ಸಲ್ಲನ್ನು ಸುತ್ತಿಗೆಯಲ್ಲಿ ಹೊಡೆದು ನೆಟ್ಟಗೆ ಮಾಡಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಹೊಸ ಆಕ್ಸಲ್ ಅಗ್ಗ. ಪದೇ ಪದೇ ಬಗ್ಗಿದರೆ ಕ್ಯಾಸೆಟ್ ಹಬ್ಬಿಗೆ ಬದಲಾಗುವ ಹೊತ್ತು ಬಂದಿದೆ ಅಂತ ಲೆಕ್ಕ.

ಹಬ್ ಸರಿಯಿದ್ದರೆ ರಿಮ್ ನೋಡಿ. ಬ್ರೇಕ್ ಪ್ಯಾಡಿನ ಪಕ್ಕ, ಡಿಸ್ಕ್ ಇದ್ದರೆ ಫ್ರೇಮಿಗೆ ಒಂದು ಜಿಪ್ ಟೈ ಕಟ್ಟಿ ಅದರ ತುದಿಯ ಪಕ್ಕ, ರಿಮ್ ಹೇಗೆ ಹಾದು ಹೋಗುತ್ತದೆ ಅಂತ ನೋಡಿ. ಎಡ ಬಲ ಅಲ್ಲಾಡಿದರೆ ಬೆಂಡ್, ಅದನ್ನು ತೆಗೆಯಬಹುದು. ಒಂದು ಕಡೆ ಮೇಲೆ ಕೆಳಗೆ ಕುಣಿದರೆ ಹೊಂಡಕ್ಕೆ ಬಿದ್ದು ರಿಮ್ ಚಪ್ಪಟೆಯಾಗಿದೆ. ಚಪ್ಪಟೆಯಾದದ್ದನ್ನು ಕಡ್ಡಿ ಬಿಗಿಸಿ ಪೂರ್ತಿ ಸರಿಮಾಡಲು ಆಗುವುದಿಲ್ಲ, ಹಾಗೆ ಮಾಡಲು ಹೋದರೆ ಅಲ್ಲಿನ ಕಡ್ಡಿಗಳ ಬಿಗಿ ಏರುಪೇರಾಗಿ ಮತ್ತೆ ಮುರಿಯಲು ಶುರುವಾಗುತ್ತವೆ. ರಿಮ್ ನೆಟ್ಟಗಿದ್ದು ಟೈರ್ ಮಾತ್ರ ಕುಣಿದರೆ ಟೈರ್ ಸರಿಯಾಗಿ ಕೂತಿಲ್ಲ. ಗಾಳಿ ಬಿಟ್ಟು, ಕೈಯಲ್ಲಿ ಒತ್ತಿ ಕೂರಿಸಿ, ಮತ್ತೆ ಗಾಳಿ ಹೊಡೆಯಿರಿ. ಟೈರಿನ ಬದಿ ಉಬ್ಬಿದ್ದರೆ ಒಳಗಿನ ನೂಲು ಹರಿದಿದೆ, ಅದು ಯಾವಾಗ ಬೇಕಾದರೂ ಸಿಡಿಯುತ್ತದೆ. ಆ ಟೈರ್ ಬಿಸಾಕಿ.

ಬೆಂಡ್ ತೆಗೆಸಿದ ಚಕ್ರ ವಾರದಲ್ಲಿ ಮತ್ತೆ ಬೆಂಡ್ ಆಗುತ್ತಿದೆಯೇ? ಆಗ ಕಿವಿಯ ಪರೀಕ್ಷೆ ಮಾಡಿ. ಒಂದೇ ಬದಿಯ ಕಡ್ಡಿಗಳನ್ನು ಒಂದೊಂದಾಗಿ ಉಗುರಿನಲ್ಲಿ ಮೀಟಿ. ಎಲ್ಲದರ ಸ್ವರವೂ ಹತ್ತಿರ ಹತ್ತಿರ ಒಂದೇ ಬರಬೇಕು. ಬಲಗಡೆಯದು ಎತ್ತರ, ಎಡಗಡೆಯದು ತಗ್ಗು, ಅದು ಸಹಜ. ಒಂದೇ ಬದಿಯಲ್ಲಿ ಒಂದು "ಟಿಂ", ಪಕ್ಕದ್ದು "ಡಬ್" ಅಂದರೆ ಬಿಗಿ ಏರುಪೇರು. ಆ ಚಕ್ರವನ್ನು ಬೆಂಡ್ ತೆಗೆಸಿ ಪ್ರಯೋಜನ ಇಲ್ಲ. ಕಡ್ಡಿಗಳನ್ನು ಸಡಿಲಿಸಿ, ಮತ್ತೆ ಸಮನಾಗಿ ಬಿಗಿಸಿ, ಜೋಡಿ ಜೋಡಿ ಕಡ್ಡಿಗಳನ್ನು ಕೈಯಲ್ಲಿ ಜೋರಾಗಿ ಹಿಂಡಿ, ಮತ್ತೆ ನೆಟ್ಟಗೆ ಮಾಡಬೇಕು. ಹಿಂಡುವುದು ಸುಮ್ನೆ ಅಲ್ಲ. ಬಾಗಿದ ಕತ್ತು ಹಬ್ಬಿನ ತೂತಿನಲ್ಲಿ ಸರಿಯಾಗಿ ಕೂರುವುದು, ಕಡ್ಡಿ ದಣಿಯುವುದು ಕಮ್ಮಿಯಾಗುವುದು ಅದರಿಂದಲೇ. ಇದನ್ನು ಮಾಡದ ಮೆಕ್ಯಾನಿಕ್ ಹತ್ತಿರ ಟೂರಿಂಗ್ ಚಕ್ರ ಕಟ್ಟಿಸಬೇಡಿ.

ಲಕ್ಷಣ: ಇಳಿಜಾರಿನಲ್ಲಿ ಹ್ಯಾಂಡಲ್ ಗಡಗಡ ನಡುಗುತ್ತದೆ

ಭಯ ಹುಟ್ಟಿಸುವ ಲಕ್ಷಣ ಇದು. ನಡುಗಲು ಶುರುವಾದ ಕೂಡಲೇ ಮಾಡಬೇಕಾದದ್ದು: ಹ್ಯಾಂಡಲ್ಲನ್ನು ಉಸಿರುಗಟ್ಟಿ ಹಿಡಿಯಬೇಡಿ, ಗಟ್ಟಿ ಹಿಡಿದಷ್ಟೂ ನಡುಕ ಜಾಸ್ತಿಯಾಗಬಹುದು. ಒಂದು ಮೊಣಕಾಲನ್ನು ಫ್ರೇಮಿನ ಮೇಲ್ಪೈಪಿಗೆ ಒತ್ತಿ ಹಿಡಿಯಿರಿ. ಸೀಟಿನ ಮೇಲಿನ ಭಾರ ಸ್ವಲ್ಪ ಪೆಡಲ್ ಮೇಲೆ ಹಾಕಿ. ನಿಧಾನಕ್ಕೆ, ಎರಡೂ ಬ್ರೇಕು ಮೆತ್ತಗೆ ಒತ್ತಿ ವೇಗ ಇಳಿಸಿ. ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬೇಡಿ.

ನಿಂತ ಮೇಲೆ ಕಾರಣ ಹುಡುಕಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ. ಹ್ಯಾಂಡಲ್ ಬುಡದಲ್ಲಿ ಕೈಯಿಟ್ಟರೆ ಆಟ ಗೊತ್ತಾಗುತ್ತದೆ. ಆಟ ಇದ್ದರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್) ಸಡಿಲ, ಈಗಿನ ಹೆಚ್ಚಿನ ಸೈಕಲ್ಲುಗಳಲ್ಲಿ ಅಲೆನ್ ಕೀಯಲ್ಲೇ ಬಿಗಿ ಮಾಡಬಹುದಾದದ್ದು. ಆಟ ಇಲ್ಲದಿದ್ದರೆ ಲಗೇಜ್ ನೋಡಿ. ಕ್ಯಾರಿಯರ್ ಮೇಲೆ ಎತ್ತರಕ್ಕೆ ಟೆಂಟ್, ಅದರ ಮೇಲೆ ಮಲಗುವ ಚೀಲ, ಅದರ ಮೇಲೆ ಒಣಗಲು ಹಾಕಿದ ಒದ್ದೆ ಬಟ್ಟೆ. ಮುಂದೆ ಏನೂ ಇಲ್ಲ. ಈ ಜೋಡಣೆಯಲ್ಲಿ ಒಳ್ಳೆಯ ಸೈಕಲ್ಲೂ ನಡುಗುತ್ತದೆ. ತೂಕದ ಸಾಮಾನು ಬ್ಯಾಗಿನ ತಳಕ್ಕೆ ಹೋಗಲಿ. ಎರಡು ಬದಿಯೂ ಸಮ ಇರಲಿ. ಮುಂದೆ ಕ್ಯಾರಿಯರ್ ಹಾಕಲು ಆಗುವುದಾದರೆ ಲಗೇಜಿನ ಮೂರನೇ ಒಂದು ಭಾಗ, ಕೆಳಮಟ್ಟದಲ್ಲಿ, ಅಲ್ಲಿಗೆ ವರ್ಗಾಯಿಸಿ. ಆದರೆ ಮುಂದಿನ ಫೋರ್ಕ್ ಕಾರ್ಬನ್ ಆಗಿದ್ದರೆ, ಕ್ಯಾರಿಯರಿಗಾಗಿಯೇ ಮಾಡಿದ ತೂತು ಅದರಲ್ಲಿ ಇಲ್ಲದಿದ್ದರೆ, ಕ್ಲ್ಯಾಂಪ್ ಹಾಕಿ ಬಿಗಿಯಲು ಹೋಗಬೇಡಿ.

ಲಗೇಜ್ ಸರಿಮಾಡಿದ ಮೇಲೂ ನಡುಕ ನಿಲ್ಲದಿದ್ದರೆ ಸೀಟನ್ನು ಹಿಡಿದು ಲೋಡ್ ಹಾಕಿದ ಸೈಕಲ್ಲನ್ನು ಪಕ್ಕಕ್ಕೆ ಅಲ್ಲಾಡಿಸಿ. ಕ್ಯಾರಿಯರ್ ತನ್ನಷ್ಟಕ್ಕೆ ತಾನು ಓಲಾಡುತ್ತಿದ್ದರೆ ಕ್ಯಾರಿಯರ್ ಬದಲಿಸಬೇಕು. ಕ್ಯಾರಿಯರೂ ಗಟ್ಟಿ, ಹಬ್ಬೂ ಗಟ್ಟಿ, ಆದರೂ ನಡುಕ ಅಂದರೆ ಮಾತ್ರ ಆ ಫ್ರೇಮ್ ಈ ತೂಕಕ್ಕೆ ತೆಳುವಾಯಿತು ಎನ್ನಬಹುದು.

ಲಕ್ಷಣ: ಪದೇ ಪದೇ ಪಂಚರ್

ತೂತು ಎಲ್ಲಿದೆ ಅಂತ ನೋಡದೆ ಪ್ಯಾಚ್ ಹಾಕುತ್ತಾ ಹೋದರೆ ಕಿಟ್ ಖಾಲಿಯಾಗುತ್ತದೆ ಅಷ್ಟೇ. ಅಕ್ಕಪಕ್ಕ ಎರಡು ತೂತು ಇದ್ದರೆ ಗಾಳಿ ಕಮ್ಮಿಯಾಗಿ ಹೊಂಡದಲ್ಲಿ ರಿಮ್ ಟ್ಯೂಬನ್ನು ಕಚ್ಚಿದೆ. 35 ಮಿ.ಮೀ. ಅಗಲದ ಟೈರಿಗೆ ಹಿಂದೆ 60ರಿಂದ 70 ಪಿಎಸ್ಐ ಇರಲಿ, ಟೈರಿನ ಬದಿಯಲ್ಲಿ ಬರೆದ ಗರಿಷ್ಠ ಮಿತಿ ಮಾತ್ರ ದಾಟಬೇಡಿ. ತೂತು ರಿಮ್ಮಿನ ಕಡೆಗಿದ್ದರೆ ರಿಮ್ ಟೇಪ್ ಸರಿದಿದೆ. ವಾಲ್ವ್ ಬುಡದಲ್ಲಿ ಹರಿದಿದ್ದರೆ ಗಾಳಿ ಕಮ್ಮಿಯಾಗಿ ಟ್ಯೂಬ್ ಒಳಗೆ ಜಾರುತ್ತಿದೆ, ಆ ಟ್ಯೂಬಿಗೆ ಪ್ಯಾಚ್ ನಿಲ್ಲುವುದಿಲ್ಲ. ರಸ್ತೆಯ ಕಡೆಗೆ ಒಂದೇ ತೂತಾದರೆ ಮುಳ್ಳು. ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿ ಇರುವ ಕಡೆ ಸೈಕಲ್ಲನ್ನು ರಸ್ತೆ ಬಿಟ್ಟು ಪಕ್ಕಕ್ಕೆ ಇಳಿಸಲೇಬೇಡಿ, ನೀರು ಕುಡಿಯಲು ನಿಲ್ಲುವಾಗಲೂ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಬಟ್ಟೆ ಹಾಕಿ ಒರೆಸಿ. ಮುರಿದ ಮುಳ್ಳಿನ ತುದಿ ಬಟ್ಟೆಗೆ ಸಿಕ್ಕುತ್ತದೆ. ಬೆರಳು ಹಾಕಿದರೆ ಬೆರಳಿಗೆ.

ಲಕ್ಷಣ: ಘಾಟಿ ಇಳಿಯುವಾಗ ಬ್ರೇಕ್ ಹಿಡಿಯುತ್ತಿಲ್ಲ, ಇಲ್ಲವೇ ಸುಟ್ಟ ವಾಸನೆ

ತಕ್ಷಣ ನಿಲ್ಲಬೇಕಾದ ಲಕ್ಷಣ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ಹೇರ್‌ಪಿನ್ ತಿರುವುಗಳಲ್ಲಿ, ಇಲ್ಲವೇ ಚಾರ್ಮಾಡಿಯಲ್ಲಿ, ನೂರು ಕೆಜಿ ದಾಟಿದ ಸೈಕಲ್ಲನ್ನು ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿಸಿದರೆ ಆ ಶಾಖವೆಲ್ಲ ರಿಮ್ಮಿಗೋ ಡಿಸ್ಕಿಗೋ ಹೋಗಬೇಕು. ರಿಮ್ ಬ್ರೇಕಿನಲ್ಲಿ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ಡಿಸ್ಕಿನಲ್ಲಿ ಪ್ಯಾಡ್ ಕಾದು ಹಿಡಿತ ಬಿಡುತ್ತದೆ. ಬ್ರೇಕನ್ನು ಒಂದೇ ಸಮನೆ ಉಜ್ಜುತ್ತಾ ಇಳಿಯಬೇಡಿ. ತಿರುವಿಗೆ ಮೊದಲು ಜೋರಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಬಿಡಿ. ನಡುವೆ ನಿಂತು ಆರಿಸಿ. ಕಾದ ಡಿಸ್ಕನ್ನು ಮುಟ್ಟಬೇಡಿ, ಅದರ ಮೇಲೆ ನೀರು ಹಾಕಬೇಡಿ.

ಹೊರಡುವ ಮೊದಲೇ ನೋಡಬೇಕಾದದ್ದು ರಿಮ್ಮಿನ ಸವೆತ. ಬ್ರೇಕ್ ಉಜ್ಜುವ ಜಾಗದಲ್ಲಿ ಸಣ್ಣ ಗೆರೆಯೋ ಚುಕ್ಕೆಯೋ ಕೊರೆದಿರುತ್ತಾರೆ. ಅದು ಮಾಯವಾಗಿದ್ದರೆ ರಿಮ್ಮಿನ ಆಯುಸ್ಸು ಮುಗಿದಿದೆ. ಗುರುತು ಇಲ್ಲದ ರಿಮ್ ಆದರೆ ಅಲ್ಲಿ ಸ್ಕೇಲ್ ಇಟ್ಟು ನೋಡಿ. ನಡುವೆ ಗುಳಿ ಬಿದ್ದು ಬೆಳಕು ಕಂಡರೆ, ಗೋಡೆಯ ದಪ್ಪ 1 ಮಿ.ಮೀ. ಹತ್ತಿರಕ್ಕೆ ಇಳಿದಿದ್ದರೆ, ಲೋಡ್ ಹಾಕಬೇಡಿ. ಗಾಳಿಯ ಒತ್ತಡಕ್ಕೆ ರಿಮ್ಮಿನ ಬದಿಯೇ ಬಿಚ್ಚಿಕೊಳ್ಳುತ್ತದೆ, ಅದೂ ಹೆಚ್ಚಾಗಿ ಬ್ರೇಕ್ ಹಿಡಿದಾಗಲೇ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಕೆಂಪು ಮಣ್ಣು ಪ್ಯಾಡಿನಲ್ಲಿ ಸೇರಿಕೊಂಡು ರಿಮ್ಮನ್ನು ಬೇಗ ತಿನ್ನುತ್ತದೆ. ದಿನಾ ಸಂಜೆ ಒರೆಸಿ. ಹಳೇ ಸೈಕಲ್ಲಿನ ಹೊಳೆಯುವ ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕ್ ಅರ್ಧಕ್ಕರ್ಧ ಹಿಡಿಯುವುದೇ ಇಲ್ಲ. ಅದರಲ್ಲಿ ಮಳೆಯಲ್ಲಿ ಘಾಟಿ ಇಳಿಯುವುದು ಬೇಡ, ತಳ್ಳಿಕೊಂಡು ಇಳಿಯಿರಿ.

ಹೈಡ್ರಾಲಿಕ್ ಬ್ರೇಕಿನ ಲಿವರ್ ಹ್ಯಾಂಡಲ್ ತನಕ ಬಂದರೆ ಒಳಗೆ ಗಾಳಿ ಸೇರಿದೆ, ಇಲ್ಲವೇ ಎಣ್ಣೆ ಸೋರಿದೆ. ದಾರಿಯಲ್ಲಿ ಪ್ರಯೋಗ ಮಾಡಬೇಡಿ. ಬಸ್ಸೋ ಗೂಡ್ಸ್ ಆಟೋವೋ ಹಿಡಿದು ಬಲ್ಲವರ ಹತ್ತಿರ ಒಯ್ಯಿರಿ.

ಲಕ್ಷಣ: ಕ್ಯಾರಿಯರ್ ಕಿರುಗುಟ್ಟುತ್ತದೆ, ಹಿಮ್ಮಡಿ ಬ್ಯಾಗಿಗೆ ತಾಗುತ್ತದೆ

ಕಿರುಗುಟ್ಟಿದರೆ ಬೋಲ್ಟ್ ಸಡಿಲ. ಕ್ಯಾರಿಯರಿನ ಎಂ5 ಬೋಲ್ಟುಗಳನ್ನು ದಿನಾ ಬೆಳಗ್ಗೆ 4 ಮಿ.ಮೀ. ಅಲೆನ್ ಕೀಯಲ್ಲಿ ಒಮ್ಮೆ ಮುಟ್ಟಿ ನೋಡಿ. ಬಿಗಿಯಾಗಿದ್ದರೂ ಬೋಲ್ಟ್ ಮುರಿಯುತ್ತಿದ್ದರೆ ಭಾರ ಮಿತಿ ದಾಟಿದೆ. ಸೀಟಿನ ಕಂಬಕ್ಕೆ ಕಚ್ಚಿಸುವ ಕ್ಯಾರಿಯರಿನ ಮಿತಿ ಸಾಮಾನ್ಯವಾಗಿ 10 ಕೆಜಿಯ ಒಳಗೆ. ಆಕ್ಸಲ್ ಹತ್ತಿರ ಬೋಲ್ಟ್ ಹಾಕಿ ಕೂರಿಸುವ ಒಳ್ಳೆಯ ಕ್ಯಾರಿಯರಿಗೆ 25 ಕೆಜಿ ತನಕ ಬರೆದಿರುತ್ತದೆ. ಬಲಗಡೆ ಉದ್ದದ ಬೋಲ್ಟ್ ಹಾಕುವಾಗ ಅದರ ತುದಿ ಒಳಗೆ ಚಾಚಿ ಚೈನಿಗೆ ತಾಗುತ್ತದೆಯೇ ನೋಡಿಕೊಳ್ಳಿ.

ಹಿಮ್ಮಡಿ ತಾಗುವುದಕ್ಕೆ ಬ್ಯಾಗನ್ನು ಹಿಂದಕ್ಕೆ ಸರಿಸಿ ನೋಡಿ. ಆದರೆ ಆಕ್ಸಲ್ಲಿಗಿಂತ ತುಂಬಾ ಹಿಂದೆ ಹೋದರೆ ಮುಂಬದಿ ಹಗುರಾಗಿ ಏರಿನಲ್ಲಿ ಹ್ಯಾಂಡಲ್ ತೇಲುತ್ತದೆ. ಎರಡೂ ಸರಿಹೋಗದಿದ್ದರೆ ಅದು ಫ್ರೇಮಿನ ಅಳತೆಯ ತೊಂದರೆ. ಪೆಡಲ್ ಬುಡದಿಂದ, ಅಂದರೆ ಪೆಡಲಿನ ಕೈಗಳು ತಿರುಗುವ ಆಕ್ಸಲ್ಲಿನ ನಡುವಿನಿಂದ, ಹಿಂದಿನ ಆಕ್ಸಲ್ ತನಕ ಅಳೆಯಿರಿ. 43 ಸೆಂ.ಮೀ.ಗಿಂತ ಕಮ್ಮಿ ಇದ್ದು ನಿಮ್ಮ ಪಾದ ದೊಡ್ಡದಾದರೆ ದೊಡ್ಡ ಬ್ಯಾಗ್ ಹಿಡಿಸುವುದು ಕಷ್ಟ. ಟೂರಿಂಗಿಗೆ ಅಂತಲೇ ಮಾಡಿದ ಸೈಕಲ್ಲುಗಳಲ್ಲಿ ಇದು 45, 46 ಸೆಂ.ಮೀ. ಇರುತ್ತದೆ. ಸರ್ಲಿ ಲಾಂಗ್ ಹಾಲ್ ಟ್ರಕರ್ ಸೈಕಲ್ಲಿನದು 46.

ಲಕ್ಷಣ: ಫ್ರೇಮಿನ ಬಣ್ಣದಲ್ಲಿ ಕೂದಲೆಳೆಯಂಥ ಗೆರೆ

ಬರೀ ಬಣ್ಣದ ಬಿರುಕೋ, ಲೋಹದ್ದೋ? ಒರೆಸಿ, ಬೆಳಕಿನಲ್ಲಿ ನೋಡಿ. ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದಿಟ್ಟುಕೊಂಡು ಮರುದಿನ ಹೋಲಿಸಿ. ಗೆರೆಯಿಂದ ತುಕ್ಕು ಇಣುಕಿದರೆ, ಉದ್ದ ಬೆಳೆದರೆ, ಗೆರೆ ವೆಲ್ಡಿಂಗ್ ಅಂಚಿನಲ್ಲೇ ಇದ್ದರೆ ಲೋಹದ್ದೇ. ಹಿಂದಿನ ಆಕ್ಸಲ್ ಕೂರುವ ಜಾಗ, ಪೆಡಲ್ ಬುಡದ ಹಿಂಬದಿ, ಹ್ಯಾಂಡಲ್ ಬುಡದಲ್ಲಿ ಕೆಳಪೈಪ್ ಸೇರುವ ಕಡೆ ವಿಶೇಷವಾಗಿ ನೋಡಿ. ಮುಂಭಾಗದಲ್ಲಿ ಇಂಥ ಬಿರುಕು ಕಂಡರೆ ಸವಾರಿ ಅಲ್ಲಿಗೇ ಮುಗಿಸಿ. ಹಲ್ಲು, ದವಡೆಯ ಪ್ರಶ್ನೆ ಅದು.

ಸ್ಟೀಲ್ ಫ್ರೇಮಿನ ಹಿಂಭಾಗವಾದರೆ ಗ್ಯಾಸಿನಲ್ಲಿ ಹಿತ್ತಾಳೆ ತುಂಬಿ ಬೆಸೆಯುವವರು ಜಿಲ್ಲಾ ಕೇಂದ್ರಗಳಲ್ಲಿ ಸಿಗುತ್ತಾರೆ, ಮನೆ ತಲುಪಲು ಅದು ಸಾಕು. ಗೇಟು, ಗ್ರಿಲ್ಲಿಗೆ ಹಾಕುವ ಕರೆಂಟ್ ವೆಲ್ಡಿಂಗ್ ತೆಳು ಪೈಪನ್ನು ಸುಟ್ಟು ತೂತು ಮಾಡಬಹುದು. ಅಲ್ಯೂಮಿನಿಯಂ ಫ್ರೇಮಿಗೆ ದಾರಿಯಲ್ಲಿ ಬೆಸುಗೆ ಬೇಡವೇ ಬೇಡ. ಶಾಖಕ್ಕೆ ಅದರ ಗಟ್ಟಿತನವೇ ಹೋಗುತ್ತದೆ.

ಬದಲಿಸುವುದಾದರೆ ಯಾವುದನ್ನು ಮೊದಲು

ಕಡ್ಡಿ ಮುರಿಯುವುದು, ಆಕ್ಸಲ್ ಬಗ್ಗುವುದು ಮಾತ್ರ ನಿಮ್ಮ ತೊಂದರೆಯಾದರೆ ಹಿಂದಿನ ಚಕ್ರ ಬದಲಿಸಿ, ಸೈಕಲ್ ಇರಲಿ. 36 ಕಡ್ಡಿ, ಎರಡು ಪದರದ ಅಲ್ಯೂಮಿನಿಯಂ ರಿಮ್, ಕ್ಯಾಸೆಟ್ ಹಬ್, ಹಿತ್ತಾಳೆ ನಿಪ್ಪಲ್, ತುದಿ 2 ಮಿ.ಮೀ. ನಡುವೆ 1.8 ಮಿ.ಮೀ. ಇರುವ ಸ್ಟೇನ್‌ಲೆಸ್ ಕಡ್ಡಿ. ನಡುವೆ ತೆಳುವಾದ ಕಡ್ಡಿ ಸ್ವಲ್ಪ ಎಳೆದುಕೊಂಡು ಕತ್ತಿನ ಮೇಲಿನ ಹೊಡೆತ ಕಮ್ಮಿ ಮಾಡುತ್ತದೆ, ಹಾಗಾಗಿ ದಪ್ಪ ಕಡ್ಡಿಗಿಂತ ಅದೇ ಹೆಚ್ಚು ಬಾಳುತ್ತದೆ. ಮುಂದಿನ ಚಕ್ರಕ್ಕೆ 32 ಸಾಕು. ನಮ್ಮ ಹಳೇ ಮಾದರಿಯ ಭಾರದ ಸೈಕಲ್ಲುಗಳಿಗೆ ಮುಂದೆ 32, ಹಿಂದೆ 40 ಕಡ್ಡಿ ಹಾಕುತ್ತಿದ್ದದ್ದು ಇದೇ ಕಾರಣಕ್ಕೆ. ಹಾಲಿನ ಕ್ಯಾನು, ಅಕ್ಕಿ ಮೂಟೆ ಹೊತ್ತ ಚಕ್ರಗಳು ಅವು.

ಚಕ್ರದ ಅಳತೆ ಆರಿಸುವಾಗ ದಾರಿಯಲ್ಲಿ ಟೈರ್ ಸಿಗುತ್ತದೆಯೇ ಅಂತ ಯೋಚಿಸಿ. ಹಳೇ ಸೈಕಲ್ಲಿನ 28 ಇಂಚಿನ ಟೈರ್ 635 ಮಿ.ಮೀ. ರಿಮ್ಮಿನದು, ನಿಮ್ಮ 700ಸಿ ರಿಮ್ 622. ನೋಡಲು ಒಂದೇ ಥರ, ಆದರೆ ಕೂರುವುದಿಲ್ಲ. 26 ಇಂಚಿನ ಎಂಟಿಬಿ (ಮೌಂಟನ್ ಬೈಕ್) ಟೈರ್, ಅಂದರೆ 559ರದ್ದು, ತಾಲ್ಲೂಕು ಊರುಗಳಲ್ಲೂ ಸಿಗುವ ಸಾಧ್ಯತೆ ಹೆಚ್ಚು. ಒಳನಾಡಿನ ರಸ್ತೆಗಳೇ ಜಾಸ್ತಿಯಾದರೆ ನನ್ನ ಮತ ಅದಕ್ಕೇ. ಚಕ್ರ ಚಿಕ್ಕದಾದಷ್ಟೂ ಕಡ್ಡಿ ಗಿಡ್ಡ, ಚಕ್ರ ಗಟ್ಟಿ. 700ಸಿ ಇಟ್ಟುಕೊಳ್ಳುವುದಾದರೆ 35 ಮಿ.ಮೀ.ಗಿಂತ ತೆಳು ಟೈರ್ ಬೇಡ, ಮಡಚುವ ಟೈರ್ ಒಂದು ಬ್ಯಾಗಿನಲ್ಲಿರಲಿ. ವಾಲ್ವ್ ದಪ್ಪನೆಯ ಸ್ಕೂಟರ್ ಮಾದರಿಯದಾದರೆ ಯಾವ ಪಂಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ತೆಳು ಪ್ರೆಸ್ಟಾ ವಾಲ್ವಿಗೆ ಹಿತ್ತಾಳೆಯ ಅಡಾಪ್ಟರ್ ಒಯ್ಯಿರಿ.

ಫ್ರೇಮೇ ಬದಲಿಸಬೇಕು ಅನಿಸುವುದು ಮೂರು ಸಂದರ್ಭದಲ್ಲಿ: ಬಿರುಕು ಬಿಟ್ಟಾಗ, ಲಗೇಜ್ ಸರಿಮಾಡಿದರೂ ನಡುಕ ಹೋಗದಾಗ, ಹಿಮ್ಮಡಿಗೆ ಜಾಗವೇ ಇಲ್ಲದಾಗ. ಆಗ ಕ್ರೋಮೋಲಿ ಸ್ಟೀಲ್ ಫ್ರೇಮ್ ನೋಡಿ. ಕ್ಯಾರಿಯರಿಗೂ ಮಡ್‌ಗಾರ್ಡಿಗೂ ಬೇರೆ ಬೇರೆ ತೂತು, ಅಗಲ ಟೈರಿಗೆ ಜಾಗ ಇರಬೇಕು. ಗೇರಿನಲ್ಲಿ ಮುಂದಿನ ಅತಿ ಚಿಕ್ಕದು ಹಿಂದಿನ ಅತಿ ದೊಡ್ಡದಕ್ಕಿಂತ ಕಡಿಮೆ ಹಲ್ಲಿನದಾಗಿರಬೇಕು. ಮುಂದೆ 26, ಹಿಂದೆ 34 ಇದ್ದರೆ ಲೋಡ್ ಸಮೇತ ಘಾಟಿ ಹತ್ತಬಹುದು. ಅಂಗಡಿಯಲ್ಲಿ ಖಾಲಿ ಸೈಕಲ್ ಓಡಿಸಿ ತೀರ್ಮಾನ ಮಾಡಬೇಡಿ. ನಿಮ್ಮ ಬ್ಯಾಗಿಗೆ ಇಪ್ಪತ್ತು ಕೆಜಿ ತುಂಬಿಕೊಂಡು ಹೋಗಿ, ಹಾಕಿ ಓಡಿಸಿ ನೋಡಿ. ಬೇಡ ಅನ್ನುವ ಅಂಗಡಿಯಾದರೆ ಬೇರೆ ಅಂಗಡಿಗೆ ಹೋಗಿ.

ಹೊಸ ಚಕ್ರ ಕಟ್ಟಿಸಿದ ವಾರವೇ ದೂರ ಹೊರಡಬೇಡಿ. ನೂರಿನ್ನೂರು ಕಿಲೋಮೀಟರ್ ಊರಲ್ಲೇ, ಆಮೇಲಾಮೇಲೆ ಲೋಡ್ ಸಮೇತ ಓಡಿಸಿ. ಕಟ್ಟಿದವರ ಹತ್ತಿರವೇ ವಾಪಸ್ ಒಯ್ದು ಬಿಗಿ ನೋಡಿಸಿ, ಕಡ್ಡಿಗಳ ಉದ್ದ ಬರೆಸಿಕೊಂಡು ಬಿಡಿ ಕಡ್ಡಿಗಳನ್ನು ಅಲ್ಲಿಯೇ ತೆಗೆದುಕೊಳ್ಳಿ.